ಸೀಮಂತದ ಮಣೆಯ ಮೇಲೊಂದು ನಾಟಕ

ಸಾವಿನ ಮನೆಯ ಕಪ್ಪು ನಗೆಯನ್ನು ಕನ್ನಡ ಚೆನ್ನಾಗಿಯೇ ಬಲ್ಲದು. ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1965ರಲ್ಲಿ ‘ಸಂಸ್ಕಾರ’ ಬರೆದಾಗ ಒಂದು ಹೆಣವನ್ನು ನಡುವೆ ಇಟ್ಟುಕೊಂಡು ಇಡೀ ಅಗ್ರಹಾರದ ಹಸಿವು, ಬಂಗಾರದಾಸೆ, ಹೆದರಿಕೆಗಳನ್ನು ಬಯಲಿಗೆ ಎಳೆದರು. ಐವತ್ತು ವರ್ಷದ ಮೇಲೆ ಬಂದ ‘ತಿಥಿ’ ಸಿನಿಮಾದಲ್ಲಿ 101 ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದವರೆಗೆ ಮಂಡ್ಯದ ಒಂದು ಹಳ್ಳಿ ನಮ್ಮನ್ನು ನಗಿಸುತ್ತಲೇ ಹೋಗುತ್ತದೆ. ಪಕ್ಕದ ಮರಾಠಿಯಲ್ಲಿ ಸತೀಶ್ ಆಳೇಕರ್ 1974ರ ‘ಮಹಾನಿರ್ವಾಣ’ದಲ್ಲಿ ಸತ್ತವನನ್ನೇ ಎಬ್ಬಿಸಿ ನಿಲ್ಲಿಸಿ, ಅವನ ಬಾಯಲ್ಲೇ ಅವನ ಸಾವಿನ ಕೀರ್ತನೆ ಹಾಡಿಸಿದರು. ಹೀಗೆ ಸಾವನ್ನು ಕುರಿತು ನಗಲು ನಮಗೆ ಅಂಜಿಕೆಯಿಲ್ಲ. ಅಂಜಿಕೆ ಇರುವುದು ಹುಟ್ಟಿನ ವಿಷಯದಲ್ಲಿ.

ಶಿಕಾರಿಪುರ, ಸೊರಬದ ಕಡೆಯ ಯಾವುದೇ ಮಧ್ಯಮ ವರ್ಗದ ಮನೆಯಲ್ಲಿ ಸೊಸೆಗೆ ತಿಂಗಳು ನಿಂತರೆ ಮೊದಲು ಬರುವುದು ಖುಷಿಯ ಜೊತೆಗೊಂದು ಅಪ್ಪಣೆ: ಮೂರು ತಿಂಗಳು ತುಂಬುವ ತನಕ ಯಾರ ಮುಂದೂ ಬಾಯಿ ಬಿಡಬೇಡಿ. ಅಲ್ಲಿಂದ ಹೆರಿಗೆಯವರೆಗೆ ಆ ಮನೆ ಮಾತಿಗೆ ಕಾವಲು ಹಾಕಿಕೊಂಡೇ ಬದುಕುತ್ತದೆ. ಗ್ರಹಣ, ದೃಷ್ಟಿ, ಪಪ್ಪಾಯಿ, ಮೂರು ಸಂಜೆಯ ಹೊತ್ತು, ಎಲ್ಲಕ್ಕೂ ಒಂದೊಂದು ನಿಯಮ. ಯಾರಾದರೂ ಅಪ್ಪಿತಪ್ಪಿ ಕೆಟ್ಟದ್ದೊಂದು ಆಡಿದರೆ, ‘ಅನ್ನಬೇಡ, ಅಶ್ವಿನಿ ದೇವತೆಗಳು ಅಸ್ತು ಅಂದುಬಿಡ್ತಾರೆ’ ಎಂದು ಹಿರಿಯರು ಗದರುತ್ತಾರೆ. ಆ ಗದರಿಕೆಯ ಹಿಂದೆ ಇರುವುದು ಪ್ರೀತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾವ ಮನೆಯಲ್ಲಿ ಅತಿ ಹೆಚ್ಚು ಮಾತುಗಳು ನಿಷಿದ್ಧವೋ ಆ ಮನೆಯೇ ಕಪ್ಪು ಹಾಸ್ಯಕ್ಕೆ ಹೇಳಿ ಮಾಡಿಸಿದ ಮನೆ. ಸಿನಿಮಾದವರು ಡಾರ್ಕ್ ಕಾಮಿಡಿ ಎಂದು ಕರೆಯುವ ಈ ಬಗೆಯ ಕೆಲಸವೇ ಇದು: ಎಲ್ಲರ ಮನಸ್ಸಿನಲ್ಲೂ ಇರುವ, ಯಾರೂ ಆಡದ ಮಾತನ್ನು ತಂದು ಊಟದ ಎಲೆಯ ಪಕ್ಕದಲ್ಲಿ ಇಡುವುದು. ನಗು ಬರುವುದು ಆ ಮಾತು ತಮಾಷೆಯಾಗಿದೆ ಎಂದಲ್ಲ. ಅದನ್ನು ಮುಚ್ಚಿಡಲು ಸುತ್ತಲಿನವರು ಪಡುವ ಪಾಡಿಗೆ.

ಮಧ್ಯಮ ವರ್ಗದ ಮನೆಯನ್ನೇ ಏಕೆ ಹೇಳುತ್ತೇನೆಂದರೆ, ಮುಚ್ಚಿಡುವ ಪಾಡು ಅಲ್ಲಿ ಹೆಚ್ಚು. ಈ ಎರಡು ತಾಲ್ಲೂಕುಗಳ ಮಧ್ಯಮ ವರ್ಗ ಬೆಂಗಳೂರಿನ ಅಪಾರ್ಟ್‌ಮೆಂಟಿನದ್ದಲ್ಲ. ಗಂಡ ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರೋ ಸೊಸೈಟಿಯ ಗುಮಾಸ್ತನೋ ಆಗಿರುತ್ತಾನೆ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿರುತ್ತಾಳೆ. ಅವಳ ತವರು ಸೊರಬದ ಕಡೆ. ನಡುವೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು. ಮಾವನಿಗೆ ಎರಡೋ ಮೂರೋ ಎಕರೆ, ಅದರಲ್ಲಿ ಭತ್ತದ ಗದ್ದೆ ಮುಚ್ಚಿ ಹಾಕಿದ ಅಡಿಕೆ ಸಸಿ, ಸಸಿ ಫಲಕ್ಕೆ ಬರುವ ಮೊದಲೇ ಬಂದ ಎಲೆಚುಕ್ಕಿ ರೋಗ. ಶುಂಠಿ ಹಾಕಿ ಕೈ ಸುಟ್ಟುಕೊಂಡ ಭಾವನೊಬ್ಬ ಪಕ್ಕದ ಕೋಣೆಯಲ್ಲೇ ಇರಬಹುದು. ಇಂಥ ಮನೆಗೆ ಮಗು ಬರುವ ಸುದ್ದಿ ಎಂದರೆ ಹಬ್ಬವೂ ಹೌದು, ಲೆಕ್ಕವೂ ಹೌದು. ಹಬ್ಬವನ್ನು ಪಡಸಾಲೆಯಲ್ಲಿ ಮಾಡುತ್ತಾರೆ, ಲೆಕ್ಕವನ್ನು ರಾತ್ರಿ ಹಾಸಿಗೆಯಲ್ಲಿ.

ಆ ಲೆಕ್ಕ ಹೇಗಿರುತ್ತದೆ ನೋಡಿ. ಹನ್ನೊಂದರಿಂದ ಹದಿಮೂರನೆಯ ವಾರದೊಳಗೆ ಒಂದು ಸ್ಕ್ಯಾನ್, ಹದಿನೆಂಟು ಇಪ್ಪತ್ತನೆಯ ವಾರದ ಹೊತ್ತಿಗೆ ಮಗುವಿನ ಅಂಗಾಂಗ ನೋಡುವ ಇನ್ನೊಂದು. ಏನಾದರೂ ತೊಡಕಿದೆ ಎಂದರೆ ಶಿವಮೊಗ್ಗಕ್ಕೆ ಓಟ. ನಾರ್ಮಲ್ ಆದರೆ ಇಷ್ಟು, ಸಿಸೇರಿಯನ್ ಆದರೆ ಇಷ್ಟು, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕಾಗಿ ಬಂದರೆ ದಿನಕ್ಕೆ ಎಷ್ಟೋ. ಬಡವರ ಮನೆಗೆ ಸರ್ಕಾರ ಒಂದಿಷ್ಟು ನೆರವಿನ ಕೈ ಚಾಚಿದೆ. ಶಿಕಾರಿಪುರದ ಆಗಿನ ಶಾಸಕ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊತ್ತಿದ್ದಾಗ, 2006–07ರಲ್ಲಿ, ಭಾಗ್ಯಲಕ್ಷ್ಮಿ ಯೋಜನೆ ಬಂತು. ಬಡತನದ ರೇಖೆಯ ಕೆಳಗಿನ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿಗೆ ಬಾಂಡು, ಹದಿನೆಂಟು ತುಂಬಿದ ಮೇಲೆ ಹಣ. ಹೆಣ್ಣು ಹುಟ್ಟಿತೆಂದು ಮುಖ ಇಳಿಸುವ ಮನೆಗೆ ಅದೊಂದು ಉತ್ತರವಾಗಿತ್ತು, ಆ ಗುರಿಗೆ ನನ್ನ ಗೌರವವಿದೆ. ಆದರೆ ಮೇಷ್ಟ್ರ ಮನೆಗೆ ಬಿಪಿಎಲ್ ಕಾರ್ಡಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆದರೆ ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿ, ಆಫೀಸುಗಳ ಹೆಂಗಸರಿಗೆ ಅದು ತಲುಪುವುದಿಲ್ಲ. ಖಾಸಗಿಯಲ್ಲಿ ದುಡಿಯುವ ಅಪ್ಪನಿಗಂತೂ ಆ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. ಈ ಮನೆಗಳವರು ಕೇಳಿ ಪಡೆಯುವಷ್ಟು ಬಡವರಲ್ಲ, ಕೇಳದೆ ಇರುವಷ್ಟು ಉಳ್ಳವರಲ್ಲ. ಅದನ್ನು ಹೊರಗೆ ಹೇಳಿಕೊಳ್ಳುವುದು ಮರ್ಯಾದೆಗೆ ಕಡಿಮೆ. ಹಾಗಾಗಿ ಸೀಮಂತಕ್ಕೆ ಮುನ್ನೂರು ಜನರನ್ನು ಕರೆಯುತ್ತಾರೆ, ಸಾಲ ಮಾಡಿಯಾದರೂ.

ಸೀಮಂತವನ್ನು ಸ್ವಲ್ಪ ರಂಗದ ಕಣ್ಣಿನಿಂದ ನೋಡಬೇಕು. ಏಳನೆಯ ತಿಂಗಳು. ನಡುಮನೆಯಲ್ಲಿ ಮಣೆ, ಅದರ ಮೇಲೆ ಹಸಿರು ಸೀರೆ, ಹಸಿರು ಬಳೆ ತೊಟ್ಟು, ಮುಡಿ ತುಂಬ ಹೂವಿಟ್ಟು ಕೂತ ಬಸುರಿ. ಸುತ್ತ ನೆಂಟರಿಷ್ಟರು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಆರತಿ ಎತ್ತುತ್ತಾರೆ, ಉಡಿ ತುಂಬುತ್ತಾರೆ, ಬಾಯಿಗೆ ಸಿಹಿ ಇಡುತ್ತಾರೆ, ಫೋಟೋಕ್ಕೆ ನಿಲ್ಲುತ್ತಾರೆ. ಬೆಳಕು, ವೇಷ, ಪ್ರೇಕ್ಷಕರು, ಹಾಡು ಎಲ್ಲವೂ ಇವೆ. ಕಥಾನಾಯಕಿ ನಟ್ಟನಡುವೆ ಕೂತಿದ್ದಾಳೆ. ಅವಳಿಗೆ ಮಾತು ಮಾತ್ರ ಬರೆದಿಲ್ಲ. ನಗಬೇಕು, ತಲೆ ಬಗ್ಗಿಸಬೇಕು, ಬಯಕೆ ಏನೆಂದು ಕೇಳಿದರೆ ಎಲ್ಲರಿಗೂ ಒಪ್ಪಿಗೆಯಾಗುವಂಥ ಒಂದು ತಿಂಡಿಯ ಹೆಸರು ಹೇಳಬೇಕು. ಬೆನ್ನು ನೋಯುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ, ಕೆಲಸ ಬಿಡಬೇಕಾಗುತ್ತದೋ ಎಂಬ ಹೆದರಿಕೆ ತಿನ್ನುತ್ತಿದೆ ಎಂದು ಅವಳು ಹೇಳಿದರೆ ಕಾರ್ಯಕ್ರಮವೇ ನಿಂತುಹೋಗುತ್ತದೆ. ನಿಜವಾದ ನಾಟಕ ಶುರುವಾಗುವುದು ಅಲ್ಲೇ. ಆ ಮಣೆಯ ಮೇಲೆ ಕೂತವಳ ಬಾಯಿಗೆ ಮಾತು ಕೊಡುವ ನಾಟಕ ನಮಗೆ ಬೇಕು ಎನ್ನುವುದು ನನ್ನ ಮಾತು. ಇಷ್ಟು ಹೇಳಲೆಂದೇ ಈ ಅಂಕಣ ಬರೆಯುತ್ತಿದ್ದೇನೆ.

ಇದಕ್ಕೆ ಅತಿ ಹತ್ತಿರ ಹೋದ ನಾಟಕ ಭಾರತದಲ್ಲಿ ಒಂದಿದೆ, ವಿಜಯ್ ತೆಂಡೂಲ್ಕರ್ ಅವರ ‘ಶಾಂತತಾ! ಕೋರ್ಟ್ ಚಾಲೂ ಆಹೆ’. 1967ರಲ್ಲಿ ಮುಂಬಯಿಯ ರಂಗಾಯನ ತಂಡ ಅದನ್ನು ಆಡಿತು. ನಿರ್ದೇಶನ ಅರವಿಂದ ದೇಶಪಾಂಡೆ, ನಾಯಕಿ ಬೇಣಾರೆಯ ಪಾತ್ರದಲ್ಲಿ ಸುಲಭಾ ದೇಶಪಾಂಡೆ. ‘ಸದ್ದು, ವಿಚಾರಣೆ ನಡೆಯುತ್ತಿದೆ’ ಎಂದು ಕನ್ನಡದ ರಂಗಕ್ಕೂ ಬಂದದ್ದು ಇದೇ. ವಿಲೇಪಾರ್ಲೆಯಲ್ಲಿ ಅಣಕು ನ್ಯಾಯಾಲಯ ಆಡಿ ತೋರಿಸಲು ಹೊರಟಿದ್ದ ಹವ್ಯಾಸಿ ತಂಡವೊಂದು ದಾರಿಯಲ್ಲಿ ಎದುರಾದದ್ದು ತೆಂಡೂಲ್ಕರ್‌ಗೆ ಈ ನಾಟಕದ ಬೀಜ. ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಗರದ ಮಧ್ಯಮ ವರ್ಗದ ಹವ್ಯಾಸಿಗಳು ಒಂದು ಊರಿಗೆ ಬಂದಿದ್ದಾರೆ. ಅಮೆರಿಕದ ಅಧ್ಯಕ್ಷ ಜಾನ್ಸನ್ ಮೇಲೆ ಅಣ್ವಸ್ತ್ರದ ಆರೋಪ ಹೊರಿಸುವ ಅಣಕು ವಿಚಾರಣೆ ಆಡಬೇಕು, ಅದಕ್ಕಿನ್ನೂ ಹೊತ್ತಿದೆ. ಹೊತ್ತು ಕಳೆಯಲು, ಊರಿನ ಹುಡುಗ ಸಾಮಂತನಿಗೆ ಕೋರ್ಟಿನ ರೀತಿ ಕಲಿಸಲು, ಅವರಲ್ಲೇ ಒಬ್ಬಳಾದ ಶಿಕ್ಷಕಿ ಲೀಲಾ ಬೇಣಾರೆಯನ್ನು ಆರೋಪಿಯ ಕಟಕಟೆಗೆ ನಿಲ್ಲಿಸುತ್ತಾರೆ. ಆರೋಪ, ಶಿಶುಹತ್ಯೆ. ಎಲ್ಲ ಆಟಕ್ಕೆ. ಎಲ್ಲರೂ ನಗುತ್ತಿದ್ದಾರೆ, ಬೇಣಾರೆಯೂ.

ಒಂದೊಂದೇ ಸಾಕ್ಷಿ ಬರುತ್ತಾ ಆಟ ಆಟವಾಗಿ ಉಳಿಯುವುದಿಲ್ಲ. ಮದುವೆಯಾಗದ ಬೇಣಾರೆ ನಿಜಕ್ಕೂ ಬಸುರಿ. ಅದಕ್ಕೆ ಕಾರಣನಾದ ಪ್ರೊಫೆಸರ್ ದಾಮ್ಲೆ ಆ ದಿನ ಬಂದೇ ಇಲ್ಲ. ಅವಳು ಎದ್ದು ಹೊರಡಲು ನೋಡುತ್ತಾಳೆ, ಬಾಗಿಲಿನ ಚಿಲಕ ಹೊರಗಿನಿಂದ ಬಿದ್ದಿದೆ. ನ್ಯಾಯಾಧೀಶನ ಪೀಠದಲ್ಲಿ ಕೂತ ಕಾಶೀಕರ್, ಅವನ ಪಕ್ಕದಲ್ಲಿ ಅವನ ಹೆಂಡತಿ, ಅವರಿಗೆ ಮಕ್ಕಳಿಲ್ಲ. ತಾಯ್ತನ ಪವಿತ್ರ ಎಂದು ಭಾಷಣ ಮಾಡುವ ಅದೇ ಬಾಯಿ ಕೊನೆಗೆ, ಈ ಹೊಟ್ಟೆಯಲ್ಲಿರುವುದು ನಾಶವಾಗಬೇಕು ಎಂದು ತೀರ್ಪು ಕೊಡುತ್ತದೆ. ಪ್ರೇಕ್ಷಕರಾಗಿ ನಮ್ಮ ಎದೆಗೆ ನಾಟುವುದೇನೆಂದರೆ, ಅರ್ಧ ಗಂಟೆಯ ಕೆಳಗೆ ಇದೇ ಜನರ ಮಾತಿಗೆ ನಾವೂ ನಕ್ಕಿದ್ದೆವು. ತೆಂಡೂಲ್ಕರ್ ಆ ನಗುವನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮಗೆ ಬಿಡುವುದಿಲ್ಲ. ಬೇಣಾರೆ ಕೊನೆಯಲ್ಲಿ ತನ್ನ ಬದುಕನ್ನೆಲ್ಲ ತೋಡಿಕೊಳ್ಳುತ್ತಾಳೆ, ಹುಟ್ಟಲಿರುವ ಮಗುವಿಗಾಗಿ ಬದುಕುವ ಹಟವನ್ನೂ ಹೇಳುತ್ತಾಳೆ. ಆ ಹೊತ್ತಿಗೆ ರಂಗದ ಮೇಲಿನ ಉಳಿದವರೆಲ್ಲ ಕಲ್ಲಾಗಿ ನಿಂತಿರುತ್ತಾರೆ. ಅವಳ ಮಾತು ನಮಗೆ ಕೇಳುತ್ತದೆ, ಅವರಿಗಲ್ಲ. ಸಾಮಂತ ತನ್ನ ಅಣ್ಣನ ಮಗುವಿಗೆಂದು ತಂದಿದ್ದ ಹಸಿರು ಬಟ್ಟೆಯ ಗಿಳಿಯನ್ನು ಅವಳ ಹತ್ತಿರ ಇಟ್ಟು ಹೋಗುತ್ತಾನೆ. ಅಷ್ಟು ಜನರಲ್ಲಿ ಮನುಷ್ಯನಂತೆ ನಡೆದುಕೊಂಡವನು ಊರಿನ ಹುಡುಗನೊಬ್ಬನೇ.

ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲೂ ಬಸಿರೇ ಆರೋಪ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕವದು. ಹಗಲು ಮುಖ ಕೊಟ್ಟು ಮಾತಾಡದ ಗಂಡ ಅಪ್ಪಣ್ಣ, ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ, ಹೊಟ್ಟೆ ಕಂಡಾಗ ಕೂಗಾಡುವ ಅದೇ ಅಪ್ಪಣ್ಣ. ಹುತ್ತದಲ್ಲಿ ಕೈಯಿಟ್ಟು ಅವನ ಹೆಂಡತಿ ರಾಣಿ ಆಡುವ ಆಣೆ ಅಕ್ಷರಶಃ ನಿಜ: ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡನ್ನು ಮುಟ್ಟಿಲ್ಲ. ಊರು ಆ ನಿಜವನ್ನು ಕೇಳಿಸಿಕೊಳ್ಳುವ ಬದಲು ಅವಳನ್ನು ದೇವಿಯಾಗಿಸಿ ಕಾಲಿಗೆ ಬೀಳುತ್ತದೆ. ಬಸುರಿಯ ಮಾತಿನಿಂದ ತಪ್ಪಿಸಿಕೊಳ್ಳಲು ಎರಡೇ ದಾರಿ, ಒಂದು ಅವಳನ್ನು ಅಪರಾಧಿ ಮಾಡುವುದು, ಇನ್ನೊಂದು ದೇವರು ಮಾಡುವುದು. ಎರಡೂ ನಾಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. 1972ರಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಮಕ್ಕಳಿಲ್ಲದ ಗೌಡತಿಯ ಆಸೆ ಭೂಮಿಯ ಒಡೆತನದ ಜಗಳದೊಂದಿಗೆ ಬೆಸೆದುಕೊಳ್ಳುತ್ತದೆ, ಅಲ್ಲಿ ನಗುವೂ ಇದೆ, ರಕ್ತವೂ ಇದೆ.

ಆದರೆ ಈ ಮೂರೂ ನಾಟಕಗಳಲ್ಲಿ ಬಸಿರು ಒಂದು ಗುಟ್ಟು, ಒಂದು ತಪ್ಪು ಅಥವಾ ಒಂದು ಪವಾಡ. ಮದುವೆಯಾಗಿ, ಬೇಕೆಂದೇ ಬಸುರಾಗಿ, ಎಲ್ಲರ ಹಾರೈಕೆಯ ನಡುವೆಯೂ ಹೆದರಿ ಕೂತವಳ ನಾಟಕ ಇನ್ನೂ ಬರಬೇಕಾಗಿದೆ. ನನ್ನ ಓದಿನಲ್ಲಿ ಕನ್ನಡದ ದೊಡ್ಡ ರಂಗಕೃತಿಗಳಲ್ಲಿ ಅಂಥದ್ದು ಸಿಕ್ಕಿಲ್ಲ. ಕೈಲಾಸಂ ಅವರಿಂದ ಹಿಡಿದು ನಮ್ಮ ಮಧ್ಯಮ ವರ್ಗದ ಹಾಸ್ಯ ಮದುವೆಯ ಸುತ್ತ, ಓದಿನ ಬಡಾಯಿಯ ಸುತ್ತ ಸಮೃದ್ಧವಾಗಿ ಬೆಳೆದಿದೆ. ಜಾತ್ರೆಗೆ ಬರುವ ಕಂಪನಿ ನಾಟಕಗಳೂ ‘ಮುದುಕನ ಮದುವೆ’ಯನ್ನು ವರ್ಷಗಟ್ಟಲೆ ಆಡಿವೆ. ಮದುವೆಯ ಚಪ್ಪರ ಇಳಿದ ಮೇಲೆ ಒಂಬತ್ತು ತಿಂಗಳು ನಡೆಯುವುದನ್ನು ಮಾತ್ರ ಬಾಣಂತಿ ಕೋಣೆಯ ಬಾಗಿಲ ಹಿಂದೆ ಇಟ್ಟುಬಿಟ್ಟೆವು.

ಹೊರಗಿನವರು ಇದನ್ನು ಹೇಗೆ ಮಾಡಿದ್ದಾರೆ? ಇಂಗ್ಲೆಂಡಿನ ಡಂಕನ್ ಮ್ಯಾಕ್ಮಿಲನ್ ಬರೆದ ‘ಲಂಗ್ಸ್’ 2011ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲು ರಂಗಕ್ಕೆ ಬಂತು. ಎರಡೇ ಪಾತ್ರ, ಅವಕ್ಕೆ ಹೆಸರೂ ಇಲ್ಲ. ಪೀಠೋಪಕರಣದ ಅಂಗಡಿಯ ಸಾಲಿನಲ್ಲಿ ನಿಂತಾಗ ಗಂಡು ‘ನಮಗೊಂದು ಮಗು ಬೇಕಲ್ಲವೆ’ ಎಂಬ ಮಾತು ತೆಗೆಯುತ್ತಾನೆ, ಹೆಣ್ಣು ಉಸಿರು ಕಟ್ಟಿದವಳಂತೆ ಮಾತಾಡಲು ತೊಡಗುತ್ತಾಳೆ. ಬಿಸಿಯಾಗುತ್ತಿರುವ ಈ ಭೂಮಿಗೆ ಇನ್ನೊಂದು ಜೀವ ತರುವುದು ಸರಿಯೇ, ತಾವು ಒಳ್ಳೆಯ ಜನರೇ ಎಂಬ ಚಿಂತೆ ಅವರದು. ನಾಟಕಕಾರ ಹಾಕಿದ ಕಟ್ಟಳೆ ನಮ್ಮ ಹವ್ಯಾಸಿಗಳಿಗೆ ಬಹಳ ಉಪಯೋಗದ್ದು: ರಂಗಸಜ್ಜಿಕೆ ಇಲ್ಲ, ಸಾಮಗ್ರಿ ಇಲ್ಲ, ವೇಷ ಬದಲಾವಣೆ ಇಲ್ಲ. ಎರಡು ದೇಹ, ಎರಡು ದನಿ ಅಷ್ಟೇ. ಎಡ್ವರ್ಡ್ ಆಲ್ಬಿಯ 1962ರ ಪ್ರಸಿದ್ಧ ನಾಟಕದಲ್ಲಿ ಜಾರ್ಜ್, ಮಾರ್ಥಾ ದಂಪತಿ ಇಲ್ಲದ ಮಗನನ್ನು ಕಲ್ಪಿಸಿಕೊಂಡು ಬದುಕುತ್ತಾರೆ. ಪೀಟರ್ ನಿಕೋಲ್ಸ್‌ನ 1967ರ ‘ಎ ಡೇ ಇನ್ ದ ಡೆತ್ ಆಫ್ ಜೋ ಎಗ್’ನಲ್ಲಿ ತೀವ್ರ ಅಂಗವಿಕಲ ಮಗಳನ್ನು ಸಾಕುವ ಅಪ್ಪ ಅಮ್ಮ ತಮಾಷೆ ಮಾಡಿಕೊಂಡೇ ದಿನ ದೂಡುತ್ತಾರೆ. ನಿಕೋಲ್ಸ್ ಸ್ವತಃ ಅಂಥ ಮಗುವಿನ ತಂದೆ. ಆ ಹಾಸ್ಯದಲ್ಲಿ ಮಗುವಿನ ಬಗ್ಗೆ ತಾತ್ಸಾರ ಕಿಂಚಿತ್ತೂ ಇಲ್ಲ.

ಈ ನಾಟಕಗಳನ್ನು ಹಾಗೇ ತಂದು ಶಿಕಾರಿಪುರದಲ್ಲಿ ಆಡಿದರೆ ಸಾಲದು. ನಮ್ಮಲ್ಲಿ ಮಗುವಿನ ವಿಚಾರ ಇಬ್ಬರದೇ ಆಗಿರುವುದಿಲ್ಲ. ಅತ್ತೆ, ಮಾವ, ತವರಿನವರು, ಜಾತಕ ನೋಡುವವರು, ಆಶಾ ಕಾರ್ಯಕರ್ತೆ, ಬಾಗಿಲಲ್ಲಿ ನಿಂತು ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳುವ ಪಕ್ಕದ ಮನೆಯವರು ಎಲ್ಲರಿಗೂ ಅದರಲ್ಲಿ ಪಾಲಿದೆ. ಊಟದ ಹೊತ್ತಿನ ಒಂದು ದೃಶ್ಯವನ್ನು ಹೀಗೆ ಊಹಿಸಬಹುದು. ‘ಅತ್ತೆ, ನಂಗೆ ಯಾಕೋ ಹೆದರಿಕೆ ಆಗ್ತದೆ’ ಎನ್ನುತ್ತಾಳೆ ಸೊಸೆ. ‘ಹಂಗೆಲ್ಲ ಅನ್ನಬಾರ್ದು ಮಗಾ. ಅಪ್ಪೆಮಿಡಿ ಹಾಕ್ಕೋ’ ಎನ್ನುತ್ತಾರೆ ಅತ್ತೆ. ಮಾವ ಅಡಿಕೆ ದರ ಎಷ್ಟಾಯಿತೆಂದು ಮಗನನ್ನು ಕೇಳುತ್ತಾರೆ. ಗಂಡ ಮೊಬೈಲಿನಲ್ಲಿ ಆಸ್ಪತ್ರೆಯ ಪ್ಯಾಕೇಜು ನೋಡುತ್ತಾ ‘ಏರ್ತಾ ಇದೆ’ ಎಂದು ಉತ್ತರಿಸುತ್ತಾನೆ. ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಅವಳನ್ನು ಕಾಪಾಡಲೆಂದೇ ಬಾಯಿ ಮುಚ್ಚಿಸುತ್ತಿದ್ದಾರೆ. ಇಂಥ ದೃಶ್ಯಕ್ಕೆ ಸಭೆ ನಗುತ್ತದೆ, ಮನೆಗೆ ಹೋದ ಮೇಲೆ ತನ್ನ ಮನೆಯ ಊಟದ ಹೊತ್ತನ್ನು ನೆನೆಯುತ್ತದೆ.

ಗಂಡೋ ಹೆಣ್ಣೋ ಎಂಬುದು ಬರೀ ಪಕ್ಕದ ಮನೆಯವರ ಕುತೂಹಲವಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂತು. ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯಲ್ಲೂ ಅದನ್ನು ಸಾರುವ ಬೋರ್ಡು ತೂಗುತ್ತದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಗುರುತಿಸುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಆ ಕೆಲಸ. ಅಲ್ಲಿಗೆ ಕಾರು ಮಾಡಿಕೊಂಡು, ದುಡ್ಡು ಹೊಂದಿಸಿಕೊಂಡು ಹೋದವರು ನಮ್ಮ ನಿಮ್ಮಂಥ ಮನೆಗಳವರೇ. ಮಧ್ಯಮ ವರ್ಗದ ಆತಂಕ ಎಂದು ಮೃದುವಾಗಿ ಹೇಳುವುದರ ಒಳಗೆ ಇದೂ ಇದೆ. ಕಪ್ಪು ಹಾಸ್ಯ ಇದನ್ನು ಬಿಟ್ಟು ಬರೀ ಆಸ್ಪತ್ರೆ ಬಿಲ್ಲಿನ ಬಗ್ಗೆ ನಗಿಸಿದರೆ ಅದು ಹೇಡಿತನ. ಬೇಣಾರೆಯ ಸುತ್ತ ನಿಂತವರನ್ನು ತೆಂಡೂಲ್ಕರ್ ಹೇಗೆ ಬಿಡಲಿಲ್ಲವೋ ಹಾಗೆ ನಾವೂ ನಮ್ಮವರನ್ನು ಬಿಡಬಾರದು.

ಹಾಗಾದರೆ ಈ ನೆಲದಲ್ಲಿ ಬಸುರಿಯ ಮಾತಿಗೆ ಎಲ್ಲೂ ಜಾಗವಿರಲಿಲ್ಲವೆ? ಇತ್ತು, ಈಗಲೂ ಇದೆ, ಆದರೆ ಅವಳು ಭೂಮಿಯಾಗಿರಬೇಕು. ಸೊರಬ, ಸಾಗರ, ಶಿಕಾರಿಪುರದ ಕಡೆ ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಮಾಡುತ್ತಾರೆ. ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ದೀವರ ಸಮುದಾಯದ ಹೆಂಗಸರು ದಿನಗಟ್ಟಲೆ ಮೊದಲೇ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿಯಿಡೀ ಒಲೆ ಆರುವುದಿಲ್ಲ. ಕಡುಬು, ಬಗೆಬಗೆಯ ಕಾಯಿಪಲ್ಯ, ಬೇಲಿಯ, ಗುಡ್ಡದ ಹತ್ತಾರು ಸೊಪ್ಪಿನ ಕುಡಿಗಳನ್ನು ಬೇಯಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮೊದಲು ಮನೆಯ ಗಂಡಸು ಬುಟ್ಟಿ ಹೊತ್ತು ಗದ್ದೆಯ ಸುತ್ತ ನಡೆಯುತ್ತಾ ಹಚ್ಚಂಬಲಿಯನ್ನು ಬೀರುತ್ತಾನೆ, ಭೂಮಿತಾಯಿಯನ್ನು ಕೂಗಿ ಕೂಗಿ ಉಣ್ಣಲು ಕರೆಯುತ್ತಾನೆ. ಬೆಳಗಾದ ಮೇಲೆ ಮನೆಮಂದಿಯೆಲ್ಲ ಹೋಗಿ ಪೈರಿಗೆ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ. ಗದ್ದೆ ತೋಟವಾದ ಮನೆಗಳವರು ತೋಟದಲ್ಲೇ ಮಾಡುತ್ತಾರೆ.

ಈ ಆಚರಣೆಯನ್ನು ಬರೀ ಚೆಂದದ ಜನಪದ ಎಂದು ನೋಡುವುದು ನನಗೆ ಸಾಲದೆನಿಸುತ್ತದೆ. ಅದರಲ್ಲಿ ದೊಡ್ಡ ಆತಂಕವೊಂದಿದೆ. ಹೊಡೆ ತುಂಬಿದ ಪೈರಿಗೆ ಇನ್ನು ಏನು ಬೇಕಾದರೂ ಆಗಬಹುದು; ಮಳೆ ಹೆಚ್ಚಾಗಬಹುದು, ಹುಳ ಬೀಳಬಹುದು, ಕಾಳು ಜೊಳ್ಳಾಗಬಹುದು. ಆ ಹೆದರಿಕೆಯನ್ನು ಮುಚ್ಚಿಡದೆ, ಇಡೀ ಊರಿನ ಗಂಡಸರು ಕತ್ತಲೆಯಲ್ಲಿ ಗಟ್ಟಿಯಾಗಿ ಕೂಗಿ ಹೇಳಿಕೊಳ್ಳುತ್ತಾರೆ. ಬಸುರಿಯ ಬಯಕೆಯನ್ನು ಗಂಡಸು ತಾನೇ ಹೊತ್ತು ನಡೆಯುವುದು ಅಲ್ಲಿದೆ. ಅದೇ ಗಂಡಸು ಮನೆಯಲ್ಲಿ ಹೆಂಡತಿಗೆ ಹೆದರಿಕೆಯಾಗುತ್ತಿದೆಯೇ ಎಂದು ಕೇಳುವುದಿಲ್ಲ. ನಾನು ಹೇಳುವ ನಾಟಕದ ಕಥೆ ಇದೇ ಹುಣ್ಣಿಮೆಯ ರಾತ್ರಿ ನಡೆಯಬಹುದು. ಒಳಗೆ ಒಲೆಯ ಮುಂದೆ ಏಳು ತಿಂಗಳ ಸೊಸೆ ಕಾಲು ಊದಿಸಿಕೊಂಡು ಕಡುಬಿಗೆ ಹಿಟ್ಟು ತುಂಬುತ್ತಿದ್ದಾಳೆ, ಹೊರಗೆ ಭೂಮಿಯ ಸೀಮಂತಕ್ಕೆ ಬುಟ್ಟಿ ಸಿದ್ಧವಾಗುತ್ತಿದೆ. ಒಂದೇ ರಾತ್ರಿ, ಒಂದೇ ಅಡುಗೆಮನೆ. ಬೆಳಗಿನ ಜಾವದೊಳಗೆ ಅವಳು ಎಲ್ಲವನ್ನೂ ಆಡಿ ಮುಗಿಸಬೇಕು.

ಇದಕ್ಕೆ ದೊಡ್ಡ ರಂಗಮಂದಿರ ಬೇಡ. ಸೊರಬಕ್ಕೆ ಅಂಟಿಕೊಂಡೇ ಇರುವ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಹಳ್ಳಿಯ ಪ್ರೇಕ್ಷಕ ಎಂಥ ನಾಟಕವನ್ನಾದರೂ ನೋಡಬಲ್ಲ ಎಂದು ತೋರಿಸಿಕೊಟ್ಟಿದೆ. 1985ರಿಂದ ಅದರ ತಿರುಗಾಟ ಊರೂರಿಗೆ ಶೇಕ್ಸ್‌ಪಿಯರನನ್ನೂ ಹೊತ್ತಿದೆ. ನೋಡುವ ಜನರಿದ್ದಾರೆ, ಆಡುವ ಹುಡುಗ ಹುಡುಗಿಯರೂ ಇದ್ದಾರೆ. ಬರೆಯುವವರು ಬೇಕು. ಆ ಅಡುಗೆಮನೆಯಲ್ಲಿ ಹಿಟ್ಟು ತುಂಬಿದ ಅನುಭವವಿರುವ ಹೆಣ್ಣುಮಗಳೊಬ್ಬಳು ಬರೆದರೆ ಅತ್ಯುತ್ತಮ. ಬರೆಯುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಬಾರದು: ನಾಟಕದ ಅತಿ ಒಳ್ಳೆಯ ನಗೆಮಾತುಗಳನ್ನು ಅತ್ತೆಗೋ ಭಾವನಿಗೋ ಕೊಡದೆ ಬಸುರಿಗೇ ಕೊಡಬೇಕು, ಮತ್ತು ರಂಗದ ಮೇಲಿರುವ ಉಳಿದವರಿಗೆ ಅವು ಕೇಳಿಸಬೇಕು.